ಫೋನ್ ಮೊದಲು ಯಾರು ಇಡಬೇಕು

ಆಗಸ್ಟ್ ತಿಂಗಳು ಬರುವ ಹೊತ್ತಿಗೆ ತಾಜಿಮಾ ಯೋಹೇಯ್‌ನ ಏಳಿಗೆಗಾಗಿ ನಲವತ್ತೊಂದು ಕಂಪನಿಗಳು ಪ್ರಾರ್ಥನೆ ಮಾಡಿದ್ದವು. ಬೇರೆ ಯಾರಿಗಾದರೂ ಇಷ್ಟೊಂದು ಪ್ರಾರ್ಥನೆ ಸಂದಿದ್ದರೆ ಅವರು ಇಷ್ಟರಲ್ಲಿ ಮಂತ್ರಿಯೋ ದೇವರೋ ಆಗಿಬಿಡುತ್ತಿದ್ದರು. ಒಸಾಕಾದ ಕಂಪನಿಗಳು ‘ನಿನಗೆ ಕೆಲಸವಿಲ್ಲ, ಹೋಗು’ ಎನ್ನುವಷ್ಟು ಒರಟಲ್ಲ. ಒಂದು ನಯವಾದ ಮೇಲ್ ಕಳಿಸುತ್ತವೆ. ಮೊದಲ ನಾಲ್ಕು ಸಾಲು ಏನೇ ಇರಲಿ, ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ: ‘ತಮ್ಮ ಮುಂದಿನ ಏಳಿಗೆಗಾಗಿ ಮನಸಾರೆ ಪ್ರಾರ್ಥಿಸುತ್ತೇವೆ.’ ಹಾಗಾಗಿ ಕೆಲಸ ಹುಡುಕುವ ಹುಡುಗರಲ್ಲಿ ಒಂದು ಗಾದೆಯೇ ಹುಟ್ಟಿಕೊಂಡಿತ್ತು: ಪ್ರಾರ್ಥನೆ ಮೇಲ್‌ನಲ್ಲಿ, ವರ ಫೋನ್‌ನಲ್ಲಿ. ಕೆಲಸ ಕೊಡುವವರು ಮಾತ್ರ ಫೋನ್ ಮಾಡಿ ಬಾಯಿ ಬಿಡುತ್ತಾರೆ. ಉಳಿದವರು ಬೆರಳಿನಲ್ಲೇ ಕೈಮುಗಿದು ಮುಗಿಸುತ್ತಾರೆ.

ಮಾರ್ಚ್‌ನಲ್ಲಿ ಅವನ ಪದವಿ ಮುಗಿದಿತ್ತು. ಓದು ಮುಗಿಯುವ ಮೊದಲೇ ಕೆಲಸ ಗಟ್ಟಿಯಾಗಿರಬೇಕು ಎನ್ನುವುದು ಅಲ್ಲಿಯ ಪದ್ಧತಿ. ಬರಿಯ ಪದವಿಪತ್ರ ಹಿಡಿದು ಹೊರಬಂದವನನ್ನು, ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆ ಚೀಟಿ ಅಂಟಿಸಿಕೊಂಡು ಮಲಗಿದ ಮೀನನ್ನು ನೋಡುವಂತೆ ನೋಡುತ್ತಾರೆ. ಕೊಳೆತಿಲ್ಲ, ಆದರೆ ಯಾಕೆ ಉಳಿಯಿತು? ಪ್ರತಿ ಸಂದರ್ಶನದಲ್ಲೂ ಆ ಪ್ರಶ್ನೆ ಬೇರೆ ಬೇರೆ ದನಿಯಲ್ಲಿ ಬರುತ್ತಿತ್ತು. ಪ್ರತಿ ಸಲವೂ ಅವನು ಅದೇ ಕಪ್ಪು ಸೂಟಿನಲ್ಲಿ, ಬೆನ್ನನ್ನು ಕುರ್ಚಿಗೆ ತಾಗಿಸದೆ ಕೂತು ಉತ್ತರ ಹೇಳುತ್ತಿದ್ದ. ಬಿಸಿಲಿಗೆ ರಸ್ತೆಯ ಡಾಂಬರೇ ಬೆವರುವ ಕಾಲ. ಕಂಪನಿಗಳು ‘ಆರಾಮಾದ ಉಡುಪಿನಲ್ಲಿ ಬನ್ನಿ’ ಎಂದೇ ಬರೆಯುತ್ತಿದ್ದವು. ಆ ಮಾತನ್ನು ನಂಬಿ ಆರಾಮಾಗಿ ಹೋದವರು ಯಾರೂ ಆರಾಮಾಗಿರಲಿಲ್ಲ.

ಹಾಗೆ ಅಲೆದು ಅಲೆದು ಅವನು ಒಂದು ನಕ್ಷೆ ಬರೆದಿದ್ದ. ಒಸಾಕಾದ ಯಾವ ಬೀದಿಯ ಯಾವ ಮಗ್ಗುಲಲ್ಲಿ ಎಷ್ಟು ಗಂಟೆಗೆ ನೆರಳಿರುತ್ತದೆ ಎನ್ನುವ ನಕ್ಷೆ. ಕಪ್ಪು ಸೂಟಿನವರಿಗೆಂದು ಮಾಡಿದ್ದು. ಅಸಾಗಿರಿ ನಕ್ಷೆ ಪ್ರಕಾಶನ ಎಂಬ ಮೂವತ್ತು ಜನರ ಸಣ್ಣ ಕಂಪನಿಯ ಕೊನೆಯ ಸುತ್ತಿನಲ್ಲಿ, ಬೇರೇನೂ ಹೇಳಲು ತೋಚದೆ, ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಹರಡಿದ. ಎದುರು ಕೂತಿದ್ದ ಮೂವರೂ ಬಗ್ಗಿ ನೋಡಿದರು. ಸೆರಿಜಾವಾ ಎನ್ನುವ ಸಿಬ್ಬಂದಿ ವಿಭಾಗದ ಹೆಂಗಸು ತನ್ನ ಮನೆಯ ಬೀದಿಯನ್ನು ಹುಡುಕಿ, “ಹೌದಲ್ರೀ, ಮೂರು ಗಂಟೆಗೆ ಇಲ್ಲಿ ನೆರಳು ಬರತ್ತೆ!” ಎಂದು ನಕ್ಕುಬಿಟ್ಟರು. ನಲವತ್ತೆರಡು ಸಂದರ್ಶನಗಳಲ್ಲಿ ಎದುರಿನವರು ತನ್ನಿಂದ ನಕ್ಕಿದ್ದು ಅದೊಂದೇ ಸಲ. ಫಲಿತಾಂಶ ಈ ವಾರದೊಳಗೆ ಎಂದಿದ್ದರು. ಅಂದಿನಿಂದ ತಾಜಿಮಾ ಸ್ನಾನಕ್ಕೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯುತ್ತಿದ್ದ.

ಆ ಫೋನಿಗೆ ಮೊದಲು ಬಂದದ್ದು ಬೇರೆಯವರ ಕರೆ. ಒಸಾಕಾದ ಉಮೇದಾ ಬಡಾವಣೆಯಲ್ಲಿ ಒಂದು ಕಟ್ಟಡದ ಏಳನೇ ಮಹಡಿಯಲ್ಲಿ, ಫೋನ್ ಮೂಲಕ ಫ್ಲ್ಯಾಟ್ ಮಾರುವ ಕಂಪನಿ. ಒಂದೇ ಸುತ್ತು ಸಂದರ್ಶನ, ಹತ್ತೇ ನಿಮಿಷ, ಎರಡೇ ದಿನಕ್ಕೆ ಫೋನ್: “ನಿಮ್ಮನ್ನ ತಗೊಳೋಣ ಅಂತಿದೀವಿ. ಮಂಗಳವಾರ ಎರಡು ಗಂಟೆಗೆ ಬನ್ನಿ, ಒಂದು ಸಣ್ಣ ಮಾತುಕತೆ ಇದೆ.”

“ಸಣ್ಣ ಮಾತುಕತೆನಾ?” ಎಂದ ಓನುಕಿ. “ಸತ್ತೆ ಬಿಡು ನೀನು.”

ಓನುಕಿ ಶಿಂಗೋ ಅವನ ಜೊತೆಗೇ ಓದಿ, ಜೊತೆಗೇ ಉಳಿದುಹೋದವನು. ಕಾಲೇಜಿನ ಹಾಸ್ಯಕಥೆ ಸಂಘದಲ್ಲಿ ಒಬ್ಬನೇ ಕೂತು ಅತ್ತೆ, ಸೊಸೆ, ಕುಡುಕ, ಪೊಲೀಸು ನಾಲ್ವರ ದನಿಯಲ್ಲೂ ಜಗಳವಾಡುತ್ತಿದ್ದ ಹುಡುಗ. ಈಗ ಅಂಗಡಿಯೊಂದರ ಗಲ್ಲಾದಲ್ಲಿ ನಿಂತು ದಿನಕ್ಕೆ ಐನೂರು ಸಲ ಒಂದೇ ದನಿಯಲ್ಲಿ ‘ಬನ್ನಿ ಬನ್ನಿ’ ಎನ್ನುತ್ತಿದ್ದ. ಇಬ್ಬರೂ ವಾರಕ್ಕೆರಡು ಮಧ್ಯಾಹ್ನ ಬಾಡಿಗೆಗೆ ಒಂದು ಕರಾವೋಕೆ ಹಾಡುಕೋಣೆ ಹಿಡಿದು ಸಂದರ್ಶನದ ಅಭ್ಯಾಸ ಮಾಡುತ್ತಿದ್ದರು. ಹಾಡುವವರಿಗಿಂತ ಹೀಗೆ ಗೋಳಾಡುವವರೇ ಆ ಹೊತ್ತಿನಲ್ಲಿ ಹೆಚ್ಚು.

“ನನ್ನ ಸೀನಿಯರ್ ಒಬ್ಬನಿಗೆ ಇದೇ ಥರ ಕರೆದ್ರು ಕಣೋ. ಕೂರಿಸಿ ಟೀ ಕೊಟ್ರಂತೆ. ಆಮೇಲೆ ‘ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದೀಯೋ ಅಲ್ಲಿಗೆಲ್ಲಾ ಈಗಲೇ, ನಮ್ಮ ಎದುರಿಗೇ ಫೋನ್ ಮಾಡಿ ಬೇಡ ಅನ್ನು. ಆಗ ಕೆಲಸ ನಿಂದು’ ಅಂದ್ರಂತೆ.”

“ಅವನೇನು ಮಾಡ್ದ?”

“ಮಾಡ್ದ. ಅತ್ಕೊಂಡು ಮಾಡ್ದ.”

ತಾಜಿಮಾ ಕರಬೂಜ ಸೋಡಾದ ಹಸಿರು ನೊರೆಯನ್ನು ಸ್ಟ್ರಾದಿಂದ ಕಲಕಿದ. ಅವನು ಏಳನೇ ಮಹಡಿಯವರ ಫಾರಂನಲ್ಲಿ ಅಸಾಗಿರಿಯ ಹೆಸರು ಬರೆದುಕೊಟ್ಟಿದ್ದ. ‘ಕೊನೆಯ ಸುತ್ತು ಮುಗಿದಿದೆ’ ಎಂದು ಬರೆದರೆ ತನಗೂ ಬೇಡಿಕೆಯಿದೆ ಎಂದು ತೋರುತ್ತದಲ್ಲ! ಅಸಾಗಿರಿ ಕೈಕೊಟ್ಟರೆ ಏಳನೇ ಮಹಡಿಯಾದರೂ ಇರಲಿ. ಏಳನೇ ಮಹಡಿಗಾಗಿ ಅಸಾಗಿರಿಯನ್ನು ಬಿಡುವುದು ಮಾತ್ರ ಸಾಧ್ಯವಿಲ್ಲ. ಈ ಎರಡು ದೋಣಿಯ ಲೆಕ್ಕವನ್ನು ಕೇಳಿದ ಓನುಕಿ ಮೈಕ್ ಎತ್ತಿಕೊಂಡು, ಗಂಟಲು ಕೆರೆದು, ಐವತ್ತು ವರ್ಷದವನ ದನಿ ಹೊರಡಿಸಿದ.

“ಹಾಂ... ಅಸಾಗಿರಿ ನಕ್ಷೆ, ಸಿಬ್ಬಂದಿ ವಿಭಾಗ. ಯಾರ‍್ರೀ ಮಾತಾಡೋದು?”

ಮಧ್ಯೆ ಒಂದು ಸಣ್ಣ ಕೆಮ್ಮು. ಕಾಗದ ಮಗುಚಿದ ಸದ್ದು, ಅದೂ ಬಾಯಿಂದಲೇ. ತಾಜಿಮಾ ನಕ್ಕು ಸೋಡಾ ಚೆಲ್ಲಿದ. ಅಲ್ಲಿಯೇ ಎಲ್ಲವೂ ತೀರ್ಮಾನವಾಯಿತು. ಅವನ ಫೋನಿನಲ್ಲಿ ಓನುಕಿಯ ನಂಬರಿಗೆ ‘ಅಸಾಗಿರಿ ನಕ್ಷೆ, ಸಿಬ್ಬಂದಿ’ ಎಂದು ಹೆಸರಿಟ್ಟರು. ಮಂಗಳವಾರ ಎರಡು ಗಂಟೆಯಿಂದ ಓನುಕಿ ಇದೇ ಕೋಣೆಯಲ್ಲಿ ಕಾದಿರುವುದು. ಒಂದು ವೇಳೆ ಫೋನ್ ಬಂದರೆ, ತಾಜಿಮಾ ಬೇಡವೆನ್ನುವುದು, ಓನುಕಿ ಒಪ್ಪಿಕೊಳ್ಳುವುದು. ಎರಡು ಸಲ ಪೂರ್ತಿ ಅಭ್ಯಾಸ ಮಾಡಿದರು. ಎರಡು ಸಲವೂ ಕೊನೆಯಲ್ಲಿ ನಗು ಬಂದು ಮುಗಿಸಲಾಗಲಿಲ್ಲ.

“ಹಚಿಯಾ ಮೇಡಂ ನೋಡಿದ್ರೆ ನಿನಗೆ ನೂರಕ್ಕೆ ನೂರು ಕೊಡ್ತಿದ್ರು,” ಎಂದ ತಾಜಿಮಾ.

ಹಚಿಯಾ ಮೇಡಂ ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ಕೇಂದ್ರದವರು. ಬಾಗಿಲು ಮೂರು ಸಲ ತಟ್ಟಬೇಕು, ಎರಡಲ್ಲ. ಎರಡು ಸಲ ತಟ್ಟುವುದು ಪಾಯಿಖಾನೆಗೆ. ತಲೆ ಬಗ್ಗಿಸುವಾಗ ಮೂವತ್ತು ಡಿಗ್ರಿ. ಫೋನಿಗಂತೂ ಒಂದು ಇಡೀ ತರಗತಿ. ಓನುಕಿ ತಕ್ಷಣ ಮೂಗು ಹಿಂಡಿಕೊಂಡು ಅವರಾದ.

“ಮಕ್ಕಳೇ, ಕಂಪನಿಯವರು ಇಡೋ ತನಕ ನೀವು ಫೋನ್ ಇಡೋ ಹಾಗಿಲ್ಲ! ಮಾತು ಮುಗೀತು ಅಂತ ಕಟ್ ಮಾಡಿದಿರೋ, ಕೆಲಸಾನೂ ಕಟ್! ಟಕ್ ಅಂತ ಕೇಳಿಸಬೇಕು. ಆ ಟಕ್ ಅವರದಾಗಿರಬೇಕು, ನಿಮ್ಮದಲ್ಲ!”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಾಲ್ಕು ತಿಂಗಳು ಸತತವಾಗಿ ಆ ಪಾಠ ಅಭ್ಯಾಸ ಮಾಡಿ ಇಬ್ಬರ ಕೈಗೂ ಅದು ಇಳಿದಿತ್ತು. ಓನುಕಿ ಈಗ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದರೂ ಅವರು ಇಡುವ ತನಕ ಕಾಯುತ್ತಿದ್ದ.

ಮಂಗಳವಾರ ಒಂದೂ ಐವತ್ತಕ್ಕೆ ತಾಜಿಮಾ ಏಳನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದಾಗ, ಎದುರಿಗೆ ಅವನಂಥದೇ ಕಪ್ಪು ಸೂಟಿನ ಹುಡುಗಿಯೊಬ್ಬಳು ಹೊರಡಲು ನಿಂತಿದ್ದಳು. ಮುಚ್ಚಿದ ಬಾಗಿಲೊಂದರ ಕಡೆ ತಿರುಗಿ ತಲೆ ಬಗ್ಗಿಸಿದಳು. ಮತ್ತೆ ಬಗ್ಗಿಸಿದಳು. ಮೂರನೆಯ ಸಲವೂ. ಅಲ್ಲಿ ಯಾರೂ ಇರಲಿಲ್ಲ. ಅವಳಿಗಾಗಿ ಅವನು ಲಿಫ್ಟಿನ ಬಾಗಿಲನ್ನು ಕೈಯಿಂದ ತಡೆದು ಹಿಡಿದ. ಅವಳು ಒಳಗೆ ಹೋಗಿ, ಯಾವ ಗುಂಡಿಯನ್ನೂ ಒತ್ತದೆ ನಿಂತಳು. ಬಾಗಿಲು ಹಾಗೆಯೇ ಮುಚ್ಚಿಕೊಂಡಿತು.

ಒಳಗೆ ಹೋಗುವ ದಾರಿಯಲ್ಲಿ ಒಂದು ಗಾಜಿನ ಗೋಡೆ. ಆಚೆಗೆ ಇಪ್ಪತ್ತು ಜನ ಸಾಲಾಗಿ ನಿಂತೇ ಫೋನಿನಲ್ಲಿ ಮಾತಾಡುತ್ತಿದ್ದರು. ಒಂದು ಕುರ್ಚಿಯೂ ಕಾಣಲಿಲ್ಲ. ಬಾಯಿಗಳು ಆಡುತ್ತಿದ್ದವು, ದನಿ ಇತ್ತ ಬರುತ್ತಿರಲಿಲ್ಲ. ಕೊನೆಯಲ್ಲಿದ್ದವನು ತಾಜಿಮಾನಷ್ಟೇ ವಯಸ್ಸಿನವನು. ಅವನ ಬಲಗೈಗೆ ಪಟ್ಟಿ ಕಟ್ಟಿತ್ತು. ಪಾಪ, ಪೆಟ್ಟಾಗಿದ್ದರೂ ಕೆಲಸಕ್ಕೆ ಬಂದಿದ್ದಾನೆ ಎಂದುಕೊಂಡ ತಾಜಿಮಾ.

ಕುಮಗಾಯ್ ಎನ್ನುವ ಅಧಿಕಾರಿ ಮೆಲುದನಿಯ, ದುಂಡು ಮುಖದ ಮನುಷ್ಯ. ತಾನೇ ಎದ್ದು ತಣ್ಣನೆಯ ಬಾರ್ಲಿ ಚಹಾ ಬಗ್ಗಿಸಿ ಕೊಟ್ಟರು. ಬೆವರು ಒರೆಸಿಕೊಳ್ಳಿ ಎಂದು ಕೈಗೆ ತಂಪು ಬಟ್ಟೆ ಕೊಟ್ಟರು. ಊರಿನ ಬಗ್ಗೆ ಕೇಳಿದರು.

“ವಾಕಾಯಾಮಾನಾ! ತಾಯಿ ಏನ್ಮಾಡ್ತಾರೆ?”

“ಶಾಲೆ ಅಡುಗೆಮನೇಲಿ ಕೆಲಸ ಮಾಡ್ತಾರೆ ಸಾರ್.”

“ಛೆ ಛೆ. ಈ ಸೆಕೆಯಲ್ಲಿ ದೊಡ್ಡ ಹಂಡೆಗಳ ಮುಂದೆ. ನೀವು ಮಾರ್ಚ್‌ನಿಂದ ಸುಮ್ಮನೆ ಇದೀರಿ ಅಂತ ಅವರಿಗೆ ಎಷ್ಟು ಯೋಚನೆಯಾಗಿರಬೇಡ.” ನಿಜವಾಗಿ ನೊಂದವರಂತೆ ಅವರು ತಲೆಯಾಡಿಸಿದರು. ಮೇಜಿನ ಮೇಲೆ ಒಂದು ಕಾಗದವನ್ನು ಇಟ್ಟರು. ಮೇಲೆ ತಾಜಿಮಾನ ಪೂರ್ತಿ ಹೆಸರು, ಕೆಳಗೆ ಸಹಿಯ ಬದಲು ಅವನ ಹೆಸರಿನ ಕೆಂಪು ಮೊಹರು ಒತ್ತಲು ಖಾಲಿ ಜಾಗ. “ಇದು ನಿಮ್ಮದು. ಮೊಹರು ಒತ್ತಿದರಾಯ್ತು, ಸಂಜೆ ತಾಯಿಗೆ ಹೇಳಬಹುದು. ಅದಕ್ಕೂ ಮುಂಚೆ ನಿಮ್ಮ ಮನಸ್ಸು ಎಲ್ಲಿದೆ ಅಂತ ನಮಗೊಂದು ಖಾತ್ರಿ ಬೇಕಲ್ವಾ ತಾಜಿಮಾ ಅವರೇ? ಅಸಾಗಿರಿ ನಕ್ಷೆ ಅಂತ ಬರೆದಿದೀರಿ. ಫೋನ್ ತಂದಿದೀರಾ?”

“ತಂದಿದೀನಿ.”

“ಸ್ಪೀಕರ್ ಹಾಕಿ, ಇಲ್ಲಿಡಿ. ನಾನೇನೂ ಮಾತಾಡಲ್ಲ. ಸುಮ್ಮನೆ ಕೇಳಿಸ್ಕೋತೀನಿ.”

ತಾಜಿಮಾನಿಗೆ ಒಳಗೊಳಗೆ ಒಂದು ಕಳ್ಳ ಸಂತೋಷವಾಯಿತು. ಗೊತ್ತಿದ್ದ ಪ್ರಶ್ನೆಯೇ ಪರೀಕ್ಷೆಯಲ್ಲಿ ಬಂದಂತೆ. ಫೋನಿನ ಮುಖದ ಮೇಲೆ ‘ಅಸಾಗಿರಿ ನಕ್ಷೆ, ಸಿಬ್ಬಂದಿ’ ಎಂದು ಮೂಡಿತು. ಎರಡು ರಿಂಗ್.

“ಹಾಂ... ಅಸಾಗಿರಿ ನಕ್ಷೆ, ಸಿಬ್ಬಂದಿ ವಿಭಾಗ.”

ಅದ್ಭುತ. ಕೆಮ್ಮು ಸರಿಯಾದ ಜಾಗದಲ್ಲಿ ಬಿತ್ತು. ತಾಜಿಮಾ ತನ್ನ ಹೆಸರು ಹೇಳಿ, ಕ್ಷಮೆ ಕೇಳಿ, ಬೇರೆ ಕಡೆ ಸೇರುತ್ತಿರುವುದಾಗಿ ಹೇಳಿದ. ಆ ಕಡೆ ಕಾಗದ ಮಗುಚಿತು. “ತಾಜಿಮಾ... ತಾಜಿಮಾ... ಹಾಂ, ನೆರಳಿನ ಹುಡುಗ! ಅಯ್ಯೋ, ನಿರಾಸೆ ಆಯ್ತಲ್ರೀ,” ಎಂದಿತು ಐವತ್ತು ವರ್ಷದ ದನಿ. ಒಂದು ನಿಟ್ಟುಸಿರು. “ಆಗಲಿ. ಯಾವ ಕಂಪನಿ ಅಂತ ಕೇಳಲ್ಲ. ಅವರು ಅದೃಷ್ಟವಂತರು. ನಿಮ್ಮ ಮುಂದಿನ ಏಳಿಗೆಗಾಗಿ ಮನಸಾರೆ ಪ್ರಾರ್ಥಿಸುತ್ತೇವೆ.”

“ತುಂಬಾ ಧನ್ಯವಾದಗಳು ಸಾರ್. ಇಡ್ತೀನಿ ಸಾರ್.”

“ಆಯ್ತಪ್ಪಾ. ನಮಸ್ಕಾರ.”

“ನಮಸ್ಕಾರ ಸಾರ್.”

ಮಾತು ಮುಗಿಯಿತು. ತಾಜಿಮಾ ಮೂವತ್ತು ಡಿಗ್ರಿ ತಲೆ ಬಗ್ಗಿಸಿ ಕಾದ. ಟಕ್ ಬರಬೇಕು.

ಬರಲಿಲ್ಲ.

ಫೋನಿನ ಮೇಲೆ ಕರೆಯ ಗಡಿಯಾರ ಓಡುತ್ತಿತ್ತು. ಎರಡು ನಿಮಿಷ ಹನ್ನೊಂದು. ಹನ್ನೆರಡು. ಹದಿಮೂರು. ಸ್ಪೀಕರಿನಲ್ಲಿ ಒಂದು ತೆಳುವಾದ ಮೊರೆತ, ಅದರ ಹಿಂದೆ ಯಾರೋ ಉಸಿರು ಬಿಗಿಹಿಡಿದ ನಿಶ್ಶಬ್ದ. ಇಡೋ, ಇಡೋ, ಎಂದು ತಾಜಿಮಾ ಮನಸ್ಸಿನಲ್ಲೇ ಕಿರುಚಿದ. ಇಡಬೇಕಾದವನು ನೀನು ಕಣೋ! ಆದರೆ ಆ ಕಡೆಯವನೂ ತಲೆ ಬಗ್ಗಿಸಿಕೊಂಡು, ಈ ಕಡೆಯ ಟಕ್‌ಗಾಗಿಯೇ ಕಾಯುತ್ತಿದ್ದ. ದನಿಯನ್ನು ಬದಲಾಯಿಸಿದವನು ಅಭ್ಯಾಸವನ್ನು ಬದಲಾಯಿಸಲು ಮರೆತಿದ್ದ. ತಾಜಿಮಾ ತಾನೇ ಕತ್ತರಿಸೋಣವೆಂದರೆ ಅವನ ಬೆರಳೂ ಏಳಲಿಲ್ಲ. ಕಂಪನಿಯ ಫೋನನ್ನು ತಾನು ಮೊದಲು ಇಡುವುದೇ?

ಮೂವತ್ತೊಂಬತ್ತು. ನಲವತ್ತು.

ಕುಮಗಾಯ್ ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ತಾಜಿಮಾನ ಮುಖ ನೋಡಿದರು, ಫೋನ್ ನೋಡಿದರು. ಮೆಲ್ಲನೆ ಮುಂದೆ ಬಗ್ಗಿ, ಅದೇ ಮೆಲುದನಿಯಲ್ಲಿ ಕೇಳಿದರು.

“ಯಾವ ಯೂನಿವರ್ಸಿಟಿ?”

ಆ ಕಡೆ ಧಡಾರೆಂದು ಕುರ್ಚಿ ಬಿದ್ದ ಸದ್ದು. ಯಾರೋ ಎದ್ದು ನಿಂತ ಸದ್ದು. ಆಮೇಲೆ, ಇಪ್ಪತ್ತಮೂರು ವರ್ಷದ, ಶುದ್ಧವಾದ, ಬಾಯಿಪಾಠದ ದನಿ: “ನಮಸ್ಕಾರ ಸಾರ್! ಅರ್ಥಶಾಸ್ತ್ರ ವಿಭಾಗ, ಈ ಮಾರ್ಚ್‌ನಲ್ಲಿ ಪದವಿ, ಓನುಕಿ ಶಿಂಗೋ ಅಂತ ಸಾರ್! ಈ ದಿನ ನನಗೆ ಅವಕಾಶ ಕೊಟ್ಟಿದ್ದಕ್ಕೆ ಬಹಳ...”

ಅಲ್ಲಿಗೆ ಅವನಿಗೆ ಅರಿವಾಗಿ ಮಾತು ನಿಂತಿತು. ಆಗಲೂ ಅವನು ಫೋನ್ ಇಡಲಿಲ್ಲ.

“ಓನುಕಿ ಅವರೇ, ಒಳ್ಳೆ ಕಂಠ ನಿಮ್ಮದು,” ಎಂದು ಕುಮಗಾಯ್ ಹೆಸರನ್ನೂ ಫೋನಿನ ಮೇಲೆ ಕಾಣುತ್ತಿದ್ದ ನಂಬರನ್ನೂ ಬರೆದುಕೊಂಡರು. ಬೆರಳು ಚಾಚಿ ಕೆಂಪು ಗುಂಡಿ ಮುಟ್ಟಿದರು. ಮೊರೆತ ನಿಂತಿತು.

ತಾಜಿಮಾ ಎದ್ದು, ನಡು ಮುರಿಯುವಷ್ಟು ಬಗ್ಗಿದ. “ಕ್ಷಮಿಸಿ ಸಾರ್. ತಪ್ಪೆಲ್ಲಾ ನನ್ನದೇ.”

“ಕೂತ್ಕೊಳ್ಳಿ, ಕೂತ್ಕೊಳ್ಳಿ. ನನಗೇನೂ ಕೋಪವಿಲ್ಲ.” ನಿಜಕ್ಕೂ ಅವರ ಮುಖದಲ್ಲಿ ಕೋಪವಿರಲಿಲ್ಲ. ಅಂಗಡಿಯಲ್ಲಿ ಒಳ್ಳೆಯ ಹಣ್ಣು ಸಿಕ್ಕವರ ಹಾಗಿದ್ದರು. “ಈ ಆಟ ಆಡೋರಲ್ಲಿ ನೀವು ಮೊದಲನೆಯವರಲ್ಲ. ಆದ್ರೆ ಬೇರೆಯವರೆಲ್ಲ ಟಕ್ ಅಂತ ಇಟ್ಬಿಡ್ತಾರೆ. ನೀವಿಬ್ಬರೂ ಇಡ್ಲಿಲ್ಲ. ಅರ್ಧ ನಿಮಿಷ! ಒಳಗೆ ಬರೋವಾಗ ಗಾಜಿನಾಚೆ ಒಬ್ಬ ಹುಡುಗನ್ನ ನೋಡಿದ್ರಾ? ಕೊನೇಲಿ ನಿಂತಿದಾನೆ.”

“ಕೈಗೆ ಪೆಟ್ಟಾಗಿರೋನು...”

“ಪೆಟ್ಟಲ್ಲ. ಅದು ಟೇಪು. ಅವನಿಗೆ ಒಂದು ಕೆಟ್ಟ ಚಾಳಿ. ಗಿರಾಕಿ ಬೈದ್ರೆ ಬೇಜಾರು ಮಾಡ್ಕೊಂಡು ಫೋನ್ ಇಟ್ಬಿಡ್ತಾನೆ. ಅದಕ್ಕೆ ದಿನಕ್ಕೊಂದು ಮಾರಾಟ ಆಗೋ ತನಕ ರಿಸೀವರ‍್ನ ಕೈಗೇ ಸುತ್ತಿರ್ತೀವಿ. ಅವನ ಒಳ್ಳೇದಕ್ಕೇ.” ಕುಮಗಾಯ್ ತಂಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಚು ಸರಿಪಡಿಸಿದರು. “ನಿಮಗೆ ಟೇಪಿನ ಖರ್ಚೂ ಇಲ್ಲ. ನಮಗೆ ಬೇಕಾದೋರು ನಿಮ್ಮಂಥೋರೇ.”

ಆಮೇಲೆ ಅವರು ಒಂದು ಚೀಟಿಯನ್ನು ಮುಂದೆ ತಳ್ಳಿದರು. ಅಸಾಗಿರಿ ನಕ್ಷೆಯ ನಿಜವಾದ ನಂಬರು, ಮೊದಲೇ ಬರೆದಿಟ್ಟದ್ದು.

“ಈಗ ನಿಜವಾಗಿ ಮಾಡಿ. ಬಲವಂತ ಇಲ್ಲ. ಬಾಗಿಲಿಗೆ ಬೀಗ ಹಾಕಿಲ್ಲ. ಹೊರಟ್ರೆ ಈ ಕಾಗದ ಇಲ್ಲೇ ಉಳಿಯತ್ತೆ, ಅಷ್ಟೇ. ಹಾಂ, ಆಮೇಲೆ ಓನುಕಿ ಅವರು. ಬೇರೆ ಕಂಪನಿ ಹೆಸರು ಹೇಳ್ಕೊಂಡು ಮಾತಾಡಿದಾರೆ. ನಾನು ಯೂನಿವರ್ಸಿಟಿಯ ಉದ್ಯೋಗ ಕೇಂದ್ರಕ್ಕೆ ಒಂದು ಮಾತು ಹೇಳಿದ್ರೆ ಅವರ ಗತಿ ಏನು? ಹೇಳೋದು ನನಗಿಷ್ಟ ಇಲ್ಲಪ್ಪ.”

ಬಾಗಿಲು ಆರು ಹೆಜ್ಜೆ ದೂರದಲ್ಲಿತ್ತು. ತಾಜಿಮಾ ಅದನ್ನು ನೋಡಿದ. ಎದ್ದು ಹೋದರೆ ಅಸಾಗಿರಿಯಿಂದ ಬರುವುದು ವರವೋ ನಲವತ್ತೆರಡನೆಯ ಪ್ರಾರ್ಥನೆಯೋ, ಯಾರಿಗೆ ಗೊತ್ತು? ನಲವತ್ತೊಂದು ಸಲ ಪ್ರಾರ್ಥನೆಯೇ ಬಂದಿತ್ತು. ಕೈ ತಾನೇ ನಂಬರು ಒತ್ತಿತು, ಸ್ಪೀಕರ್ ಹಾಕಿತು.

“ಅಸಾಗಿರಿ ನಕ್ಷೆ, ಸೆರಿಜಾವಾ.”

ಅವನು ಹೆಸರು ಹೇಳಿದ. ಹೇಳುವುದೇ ತಡ, ಆ ಕಡೆಯ ದನಿ ಅರಳಿತು. “ಓ, ತಾಜಿಮಾ ಅವರಾ! ಒಳ್ಳೇದಾಯ್ತು ನೀವೇ ಮಾಡಿದ್ದು. ಇವತ್ತು ಸಂಜೆ ನಾನೇ ನಿಮಗೆ ಫೋನ್ ಮಾಡೋಳಿದ್ದೆ.”

ಫೋನ್ ಮಾಡೋಳಿದ್ದೆ. ಮೇಲ್ ಅಲ್ಲ, ಫೋನ್.

ತಾಜಿಮಾನ ಕಿವಿಯಲ್ಲಿ ಜೀರುಂಡೆಗಳು ಒಟ್ಟಿಗೇ ಕಿರುಚಿದಂತಾಯಿತು. ತಲೆ ಎತ್ತಿದ. ಕುಮಗಾಯ್‌ಗೂ ಅದು ಅರ್ಥವಾಗಿತ್ತು. ಅವರು ನಸುನಗುತ್ತಾ ಪೆನ್ನಿನ ತುದಿಯಿಂದ ಓನುಕಿಯ ಹೆಸರಿನ ಕೆಳಗೆ ಒಂದು ಗೆರೆ ಎಳೆದರು.

“ಹಲೋ?” ಎಂದರು ಸೆರಿಜಾವಾ. “ಕೇಳಿಸ್ತಿದೆಯಾ?”

ಈಗ, ಈಗಲೇ ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು. ಆದರೆ ಅವನ ಬಾಯಿಗೆ ನಾಲ್ಕು ತಿಂಗಳಿಂದ ಗೊತ್ತಿದ್ದದ್ದು ಬಾಯಿಪಾಠದ ವಾಕ್ಯಗಳು ಮಾತ್ರ. ಸ್ವಲ್ಪ ಮುಂಚೆ ಓನುಕಿಗೆ ಹೇಳಿದ ವಾಕ್ಯಗಳೇ, ಅದೇ ಕ್ರಮದಲ್ಲಿ, ಒಂದರ ಹಿಂದೆ ಒಂದು ಹೊರಬಂದವು. ಕ್ಷಮಿಸಿ. ತಮ್ಮ ಅಮೂಲ್ಯ ಸಮಯ. ಬೇರೆ ಕಡೆ ಸೇರಲು ನಿರ್ಧರಿಸಿದ್ದೇನೆ.

ಸೆರಿಜಾವಾ ಅವರ ದನಿ ಮತ್ತೆ ಬಂದಾಗ ಅದು ಬೇರೆಯಾಗಿತ್ತು, ಮಡಿಸಿಟ್ಟ ಬಟ್ಟೆಯ ಹಾಗೆ. “ಹೌದಾ. ಸರಿ ಹಾಗಾದ್ರೆ. ನಿಮ್ಮ ನಕ್ಷೆ ನಮ್ಮ ಗೋಡೆ ಮೇಲೆ ಹಾಕಿದೀವಿ, ತೆಗೆದು ಅಂಚೆಯಲ್ಲಿ ಕಳಿಸ್ತೀನಿ. ನಿಮ್ಮ ಮುಂದಿನ ಏಳಿಗೆಗಾಗಿ ಪ್ರಾರ್ಥಿಸುತ್ತೇವೆ.”

“ತುಂಬಾ ಧನ್ಯ—”

ಟಕ್.

ಅವನ ಮಾತು ಮುಗಿಯುವ ಮೊದಲೇ.

“ನೋಡಿದ್ರಾ,” ಎಂದರು ಕುಮಗಾಯ್, ಮೊಹರಿನ ಕೆಂಪು ಶಾಯಿಯ ಡಬ್ಬಿ ತೆರೆಯುತ್ತಾ, “ಕಂಪನಿಯವರು ಹೀಗೆ ಇಡ್ತಾರೆ.”

ಮೂರೂವರೆಗೆ ಅವನು ಬೀದಿಗೆ ಇಳಿದ. ಆ ಬೀದಿಯಲ್ಲಿ ಆ ಹೊತ್ತಿಗೆ ಪೂರ್ವದ ಮಗ್ಗುಲು ಬಿಸಿಲು, ಪಶ್ಚಿಮದ ಮಗ್ಗುಲು ನೆರಳು. ಅವನೇ ಬರೆದದ್ದು. ಅವನು ಪೂರ್ವದ ಮಗ್ಗುಲಲ್ಲೇ ನಿಲ್ದಾಣದ ತನಕ ನಡೆದ. ಪ್ಲಾಟ್‌ಫಾರಂ ತಲುಪುವಾಗ ಫೋನ್ ರಿಂಗಾಯಿತು. ‘ಅಸಾಗಿರಿ ನಕ್ಷೆ, ಸಿಬ್ಬಂದಿ’ ಎಂದು ಮೂಡಿತು. ಗಡಬಡಿಸಿ ಎತ್ತಿ ಕಿವಿಗೆ ಹಿಡಿದ. ಆಮೇಲೆ ಅದು ಯಾರ ನಂಬರೆಂದು ನೆನಪಾಯಿತು.

“ಲೋ ತಾಜಿಮಾ! ಕ್ಷಮಿಸೋ, ನಾನು ಹಾಳು ಮಾಡ್ದೆ. ಆದ್ರೆ ಕೇಳು, ಕೇಳು! ಆ ಮನುಷ್ಯ ನನಗೀಗ ಫೋನ್ ಮಾಡಿದ್ರು ಕಣೋ. ಫೋನು! ಮೇಲಲ್ಲ! ನೀನು ಸೇರಿದೆ ಅಂದ್ರು. ನನ್ನ ಕಂಠಾನೂ ಹಿಡಿಸ್ತಂತೆ. ಗುರುವಾರ ಎರಡು ಗಂಟೆಗೆ ಬನ್ನಿ ಅಂದ್ರು. ಒಂದು ಸಣ್ಣ ಮಾತುಕತೆ ಇದೆ ಅಂತೆ.”

“ಓನುಕಿ,” ಎಂದ ತಾಜಿಮಾ. “ಅಲ್ಲಿ ಒಬ್ಬ ಹುಡುಗನ ಕೈಗೆ...”

ಎದುರಿನ ಹಳಿಯಲ್ಲಿ ರೈಲು ಬಂದು ಮಾತು ಮುಳುಗಿತು. ರೈಲು ಹೋದ ಮೇಲೆ ಓನುಕಿಯ ನಗು ಕೇಳಿಸಿತು. ಅವನು ಆಗಲೇ ಕುಮಗಾಯ್ ಅವರ ಮೆಲುದನಿಯನ್ನು ಕಲಿತಿದ್ದ. “ಒಳ್ಳೆ ಕಂಠ ನಿಮ್ಮದು... ಸರಿಯಾಗಿ ಬರ್ತಿದೆಯಾ? ನಮ್ಮಮ್ಮನಿಗೆ ಹೇಳ್ದೆ ಕಣೋ, ಅಳ್ತಿದಾಳೆ. ನಾವಿಬ್ಬರೂ ಒಂದೇ ಕಡೆ! ಏನೋ ಹೇಳ್ತಿದ್ದೆಯಲ್ಲ, ಏನು?”

ತಾಜಿಮಾ ತನ್ನ ಬಲಗೈಯನ್ನು ನೋಡಿಕೊಂಡ. ಹೆಬ್ಬೆರಳಿನ ತುದಿಯಲ್ಲಿ ಮೊಹರಿನ ಕೆಂಪು ಇನ್ನೂ ಇತ್ತು.

“ಏನಿಲ್ಲ,” ಎಂದ. “ಆಮೇಲೆ ಹೇಳ್ತೀನಿ. ಇಡು.”

“ನಾನಾ? ಚೆನ್ನಾಗಿದೆ! ನೀನೀಗ ಕಂಪನಿಯವನು. ನೀನೇ ಮೊದಲು ಇಡಬೇಕು.”

ತಾಜಿಮಾ ಆ ಕೆಂಪು ಬೆರಳನ್ನು ಕೆಂಪು ಗುಂಡಿಯ ಮೇಲೆ ತಂದ. ಆ ಕಡೆ ಓನುಕಿ ವಿನಯದಿಂದ ಕಾಯುತ್ತಿದ್ದ. ಬಹುಶಃ ಮೂವತ್ತು ಡಿಗ್ರಿ ಬಗ್ಗಿಯೇ. ಕರೆಯ ಗಡಿಯಾರ ಓಡುತ್ತಿತ್ತು. ಒಂದು ನಿಮಿಷ ಐವತ್ತು. ಐವತ್ತೊಂದು. ಅವನ ರೈಲು ಬಂತು, ಬಾಗಿಲು ತೆರೆಯಿತು, ಬಾಗಿಲು ಮುಚ್ಚಿತು, ರೈಲು ಹೋಯಿತು. ಬೆರಳು ಗುಂಡಿಯ ಮೇಲೆ ಹಾಗೆಯೇ ಇತ್ತು, ಇಳಿಯಲಿಲ್ಲ. ಎರಡೂ ಕಡೆ ಉಸಿರಿನ ಸದ್ದು ಮಾತ್ರ ಕೇಳಿಸುತ್ತಿತ್ತು.